ತೂಕ ಇಳಿಸುವ ಆಪರೇಷನ್ ಆದವರ ನೆಗಡಿಗೆ ಯಾವ ಮಾತ್ರೆ? ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ಡಿಸೆಂಬರ್ ಚಳಿ ಶುರುವಾಯಿತೆಂದರೆ ಹಾಸನದ ನಮ್ಮ ಮೆಡಿಕಲ್ ಶಾಪಿನ ಕೌಂಟರ್ ಮುಂದೆ ದಿನವಿಡೀ ಒಂದೇ ಮಾತು: "ನೆಗಡಿ, ತಲೆನೋವು, ಮೈಕೈ ನೋವು, ಎರಡು ದಿನಕ್ಕೆ ಮಾತ್ರೆ ಕೊಡಿ." ಇಪ್ಪತ್ತು ವರ್ಷ ಕೇಳಿದ ಮಾತು, ಕೈ ತಾನಾಗಿಯೇ ಡ್ರಾಯರ್‌ಗೆ ಹೋಗುತ್ತದೆ. ಹಾಗೆ ಹೋದ ಒಂದು ಸಂಜೆ, ನಲವತ್ತರ ಆಸುಪಾಸಿನ ಹೆಂಗಸೊಬ್ಬರು ನಾನು ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಯ ತುಂಡನ್ನು ತಿರುಗಿಸಿ ನೋಡಿ, "ಸರ್, ಇದರ ಹಿಂದೆ ಪೂರ್ತಿ ಹೆಸರೇ ಇಲ್ವಲ್ಲ" ಅಂದರು. ಕತ್ತರಿ ಹೋದ ಕಡೆ ಅರ್ಧ ಹೆಸರು ಅವರ ಕೈಲಿ, ಇನ್ನರ್ಧ ನನ್ನ ಡ್ರಾಯರ್‌ನಲ್ಲಿ.

"ಕಾಂಬಿಫ್ಲಾಮ್ ಅಮ್ಮ, ಎಲ್ರೂ ತಗೊಳ್ತಾರೆ" ಅಂದೆ.

ಅವರು ಪರ್ಸಿನಿಂದ ಲ್ಯಾಮಿನೇಟ್ ಮಾಡಿಸಿದ ಚೀಟಿಯೊಂದನ್ನು ತೆಗೆದು ಕೌಂಟರ್ ಮೇಲಿಟ್ಟರು. ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ಇಂತಿಂಥ ಔಷಧ ಕೊಡಬಾರದು ಎಂದು ಅದರಲ್ಲಿ ಟೈಪ್ ಮಾಡಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಐಬುಪ್ರೊಫೆನ್. ನಾನು ಕೊಟ್ಟ ಮಾತ್ರೆಯಲ್ಲಿ ಅದು 400 ಮಿ.ಗ್ರಾಂ. ಇದೆ, ಜೊತೆಗೆ 325 ಮಿ.ಗ್ರಾಂ. ಪ್ಯಾರಾಸಿಟಮಾಲ್. ನನಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ "ನಿಮಗೆ ಹೊಟ್ಟೆಯ ಆಪರೇಷನ್ ಏನಾದ್ರೂ ಆಗಿದೆಯಾ" ಅಂತ ನಾನು ಕೇಳಿರಲಿಲ್ಲ. ಅಂದಿನಿಂದ ಈ ಬಗೆಯ ಆಪರೇಷನ್ ಆದವರು ಅಂಗಡಿಗೆ ಬಂದರೆ ಒಂದೊಂದು ಮಾತ್ರೆಯನ್ನೂ ಎದುರಿಗಿಟ್ಟು ಹೋಲಿಸಿ ತೋರಿಸುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧ ಮಾರುವವನು. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಬೇಕು.

ಮೊದಲು, ಆಗಿರುವ ಆಪರೇಷನ್ ಯಾವುದು?

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಸ್ಲೀವ್ ಮತ್ತು ಬೈಪಾಸ್. ಸ್ಲೀವ್‌ನಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಕಾಯಿ ಆಕಾರದ ಕೊಳವೆ ಮಾಡುತ್ತಾರೆ. ಕರುಳಿನ ದಾರಿ ಬದಲಾಗುವುದಿಲ್ಲ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲವೊಂದನ್ನು ಬೇರ್ಪಡಿಸಿ ಅದಕ್ಕೆ ನೇರವಾಗಿ ಸಣ್ಣ ಕರುಳನ್ನು ಜೋಡಿಸುತ್ತಾರೆ. ಸಾಮಾನ್ಯ ಬೈಪಾಸ್‌ನಲ್ಲಿ ಈ ಚೀಲಕ್ಕೆ ಹಿಡಿಯುವುದು ಸುಮಾರು 30 ಮಿ.ಲೀ., ಎರಡು ದೊಡ್ಡ ಚಮಚದಷ್ಟು. ಮಿನಿ ಬೈಪಾಸ್‌ನಲ್ಲಿ ಚೀಲ ಇನ್ನಷ್ಟು ಉದ್ದ, ಜೋಡಣೆ ಒಂದೇ ಕಡೆ.

ಔಷಧದ ಲೆಕ್ಕಕ್ಕೆ ಮುಖ್ಯವಾಗುವುದು ಈ ಜೋಡಣೆಯ ಜಾಗ. ಹೊಟ್ಟೆಯ ಒಳಗೋಡೆಗೆ ಆಸಿಡ್ ತಡೆದುಕೊಳ್ಳುವ ಲೋಳೆಯ ಹೊದಿಕೆ ಇದೆ, ಕರುಳಿಗೆ ಅಷ್ಟು ಗಟ್ಟಿ ಹೊದಿಕೆ ಇಲ್ಲ. ಹಾಗಾಗಿ ಹೊಲಿಗೆಯ ಆ ಅಂಚಿನಲ್ಲಿ ಹುಣ್ಣಾಗುವ ಸಾಧ್ಯತೆ ಯಾವಾಗಲೂ ಇದ್ದದ್ದೇ. ಮಾರ್ಜಿನಲ್ ಅಲ್ಸರ್ ಎಂದು ಡಾಕ್ಟರುಗಳು ಕರೆಯುವುದು ಇದನ್ನೇ. ಬೀಡಿ ಸಿಗರೇಟಿನಿಂದ ಅದು ಹೆಚ್ಚುತ್ತದೆ, ಕೆಲವು ನೋವಿನ ಮಾತ್ರೆಗಳಿಂದಲೂ ಹೆಚ್ಚುತ್ತದೆ. ಆದ್ದರಿಂದಲೇ ಬೈಪಾಸ್, ಮಿನಿ ಬೈಪಾಸ್ ಆದವರಿಗೆ ಈ ಮಾತ್ರೆಗಳು ಜೀವನಪೂರ್ತಿ ಬೇಡ ಎನ್ನುವುದು. ಸ್ಲೀವ್ ಆದವರಿಗೆ ಅಪಾಯ ಅಷ್ಟಿಲ್ಲ. ಆದರೂ ಸರ್ಜನ್‌ಗಳು ಸಾಮಾನ್ಯವಾಗಿ "ಆದಷ್ಟು ಬೇಡ" ಎಂದೇ ಹೇಳುತ್ತಾರೆ. ಮುಂದೆ ಸ್ಲೀವ್‌ನಿಂದ ಬೈಪಾಸ್‌ಗೆ ಬದಲಿಸಬೇಕಾಗಿ ಬರುವವರೂ ಇರುತ್ತಾರಲ್ಲ.

ಜ್ವರ, ತಲೆನೋವು, ಮೈಕೈ ನೋವು

ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಕಡೆ ಪ್ಯಾರಾಸಿಟಮಾಲ್, ಇನ್ನೊಂದು ಕಡೆ ಉಳಿದೆಲ್ಲ ಪೇನ್ ಕಿಲ್ಲರ್‌ಗಳು.

ಪ್ಯಾರಾಸಿಟಮಾಲ್ ಹೊಟ್ಟೆಯ ಲೋಳೆ ಪದರದ ತಂಟೆಗೆ ಹೋಗುವುದಿಲ್ಲ. ಡೋಲೋ, ಕ್ರೋಸಿನ್, ಕಾಲ್ಪಾಲ್ ಎಲ್ಲ ಇದೇ. ಡೋಲೋ ತಯಾರಿಸುವ ಮೈಕ್ರೋ ಲ್ಯಾಬ್ಸ್ ನಮ್ಮ ಬೆಂಗಳೂರಿನದೇ ಕಂಪನಿ. ಕೋವಿಡ್ ಕಾಲದಲ್ಲಿ ಆ ಮಾತ್ರೆಯ ಹೆಸರು ಮಕ್ಕಳ ಬಾಯಲ್ಲೂ ಇತ್ತು. ಆಪರೇಷನ್ ಆದವರ ನೆಗಡಿ ಜ್ವರಕ್ಕೆ ನಾನು ಕೊಡುವ ಮೊದಲ ಮಾತ್ರೆ ಪ್ಯಾರಾಸಿಟಮಾಲ್, ಹೆಚ್ಚಿನ ಸಲ ಕೊನೆಯದೂ ಅದೇ.

ಇನ್ನೊಂದು ಕಡೆಯ ಪಟ್ಟಿ ಉದ್ದ: ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ನಿಮೆಸುಲೈಡ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್, ಕೀಟೊರೊಲ್ಯಾಕ್, ಆಸ್ಪಿರಿನ್. ಇವು ನೋವು ತಗ್ಗಿಸುವ ದಾರಿಯಲ್ಲೇ ಹೊಟ್ಟೆಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನೂ ತಗ್ಗಿಸುತ್ತವೆ. ಯಾರೂ ಬಂದು ಈ ಹೆಸರು ಹೇಳಿ ಕೇಳುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕೇಳುವುದು ಬ್ರೂಫೆನ್, ವೊವೆರಾನ್, ಜೆರೋಡಾಲ್-ಪಿ, ಸುಮೋ, ಮೆಫ್ಟಾಲ್, ಡಿಸ್ಪ್ರಿನ್ (ಇದು ಆಸ್ಪಿರಿನ್) ಎಂದು. ಜೆರೋಡಾಲ್-ಪಿಯಲ್ಲಿ ಇರುವ 'ಪಿ' ಪ್ಯಾರಾಸಿಟಮಾಲ್ ನಿಜ, ಆದರೆ ಅದರ ಪಕ್ಕದಲ್ಲೇ 100 ಮಿ.ಗ್ರಾಂ. ಅಸೆಕ್ಲೋಫಿನಾಕ್ ಕೂತಿದೆ. "ಪ್ಯಾರಾಸಿಟಮಾಲ್ ಇದೆಯಲ್ಲ, ಪರವಾಗಿಲ್ಲ" ಎಂದು ನುಂಗಿದವರನ್ನು ನೋಡಿದ್ದೇನೆ. ತಲೆನೋವಿಗೆಂದು ಕಿರಾಣಿ ಅಂಗಡಿಯಲ್ಲೂ ಸಿಗುವ ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಪ್ರೊಪಿಫೆನಜೋನ್ ಇದೆ, ಕೆಫೀನ್ ಇದೆ. ಅದನ್ನೂ ಬಿಡಿ.

ಈ ಜಾಗದಲ್ಲಿ ಮೂರು ವಾದ ಕೇಳಿಬರುತ್ತವೆ. "ಗ್ಯಾಸಿನ ಮಾತ್ರೆ ಜೊತೆಗೆ ಹಾಕ್ಕೊಂಡ್ರೆ ಆಯ್ತಲ್ಲ?" ಪ್ಯಾಂಟೊಪ್ರಜೋಲ್ ಅಪಾಯ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ, ನೆಗಡಿಯಂಥ ಸಣ್ಣ ಕಾಯಿಲೆಗೆ ಅಷ್ಟು ದೊಡ್ಡ ಜೂಜು ಯಾಕೆ. "ಊಟ ಮಾಡಿ ತಗೊಂಡ್ರೆ?" ಎರಡು ಇಡ್ಲಿ ತಿಂದರೂ ಹೊಲಿಗೆಯ ಅಂಚು ಹೊಲಿಗೆಯ ಅಂಚೇ. ಮೂರನೆಯದು ನಮ್ಮೂರ ಕಡೆಯ ಅತಿ ದೊಡ್ಡ ನಂಬಿಕೆ: "ಮಾತ್ರೆ ಬೇಡ ಅಂದ್ರೆ ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಸರಿ." ಡೈಕ್ಲೋಫಿನಾಕ್ ಸೊಂಟಕ್ಕೆ ಚುಚ್ಚಿದರೂ ರಕ್ತದ ಮೂಲಕ ಹೊಟ್ಟೆಯ ಗೋಡೆಗೆ ಅದೇ ಕೆಲಸ ಮಾಡುತ್ತದೆ. ಬಾಯಿಂದ ಹೋಗಲಿಲ್ಲ ಎಂದು ಸುರಕ್ಷಿತವಾಗುವುದಿಲ್ಲ. ಸಣ್ಣ ಕ್ಲಿನಿಕ್ಕಿನಲ್ಲಿ ಸೂಜಿ ಎತ್ತುವ ಮೊದಲೇ ನಿಮ್ಮ ಆಪರೇಷನ್ ಹೆಸರು ಹೇಳಿ.

ಒಂದು ಎಚ್ಚರಿಕೆ: ಹೃದಯದ ತೊಂದರೆಗೆ ಡಾಕ್ಟರ್ ಬರೆದ 75 ಮಿ.ಗ್ರಾಂ. ಆಸ್ಪಿರಿನ್ ನುಂಗುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಅದು ಹೃದಯದ ಡಾಕ್ಟರೂ ಸರ್ಜನ್ನೂ ಕೂತು ತೀರ್ಮಾನಿಸುವ ವಿಷಯ.

ಪ್ಯಾರಾಸಿಟಮಾಲ್ ಒಳ್ಳೆಯದೆಂದು ಎಷ್ಟು ಬೇಕಾದರೂ ನುಂಗುವ ಹಾಗಿಲ್ಲ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ವೇಗವಾಗಿ ತೂಕ ಇಳಿಯುತ್ತಿರುವವರು, ಊಟ ಸರಿಯಾಗಿ ಸೇರದವರು, ಲಿವರ್‌ನಲ್ಲಿ ಕೊಬ್ಬಿದೆ ಅನ್ನಿಸಿಕೊಂಡವರು ಅದಕ್ಕಿಂತ ಕೆಳಗೇ ಇರಬೇಕು, ಎಷ್ಟೆಂದು ಡಾಕ್ಟರನ್ನು ಕೇಳಿಕೊಳ್ಳಬೇಕು. ಅದನ್ನು ದಾಟುವುದು ಎಷ್ಟು ಸುಲಭ ನೋಡಿ: ಡೋಲೋ 650 ದಿನಕ್ಕೆ ನಾಲ್ಕು, 2600 ಮಿ.ಗ್ರಾಂ. ಅದರ ಜೊತೆ "ಮೂಗು ಸೋರೋದಕ್ಕೆ" ಎಂದು ಸಿನಾರೆಸ್ಟ್ ಮೂರು. ಒಂದೊಂದರಲ್ಲೂ 500 ಪ್ಯಾರಾಸಿಟಮಾಲ್, ಅಂದರೆ 1500. ಒಟ್ಟು 4100. ಎರಡು ಬೇರೆ ಬೇರೆ ಮಾತ್ರೆ ನುಂಗಿದ್ದೇನೆ ಎಂದುಕೊಂಡವರು ಒಂದೇ ಔಷಧವನ್ನು ಎರಡು ಸಲ ನುಂಗಿರುತ್ತಾರೆ.

ಒಂದೇ ಮಾತ್ರೆಯಲ್ಲಿ ಎಲ್ಲ, ಅಥವಾ ಬೇಕಾದ್ದಕ್ಕೆ ಬೇಕಾದಷ್ಟೇ?

ನನ್ನನ್ನು ಕೇಳಿದರೆ ಎರಡನೆಯದು, ಯೋಚಿಸುವ ಮಾತೇ ಇಲ್ಲ. ನೆಗಡಿಯ ಕಾಂಬಿನೇಷನ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: ಜ್ವರಕ್ಕೆ ಪ್ಯಾರಾಸಿಟಮಾಲ್, ಸೀನು ಸೋರಿಕೆಗೆ ಕ್ಲೋರ್‌ಫೆನಿರಮಿನ್ ಅಥವಾ ಸೆಟ್ರಿಜಿನ್, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್. ಈ ಮೂರನೆಯದರ ಕಥೆ ಸ್ವಾರಸ್ಯವಾಗಿದೆ. ಬಾಯಿಂದ ನುಂಗಿದ ಫಿನೈಲೆಫ್ರಿನ್ ಬಹುಪಾಲು ಕರುಳು ಮತ್ತು ಲಿವರ್‌ನಲ್ಲೇ ಒಡೆದುಹೋಗಿ ಮೂಗಿನವರೆಗೆ ತಲುಪುವುದೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಮಾತ್ರೆಯಲ್ಲಿ ಇದು ಕೆಲಸ ಮಾಡುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಡಾಕ್ಟರ ಚೀಟಿಯಿಲ್ಲದೆ ಮಾರುವ ಮಾತ್ರೆಗಳಿಂದ ಇದನ್ನು ಕೈಬಿಡುವ ಪ್ರಸ್ತಾವವನ್ನು ಎಫ್‌ಡಿಎ ಮುಂದಿಟ್ಟಿತು. ನಮ್ಮ ದೇಶದಲ್ಲಿ ಇನ್ನೂ ಧಾರಾಳವಾಗಿ ಮಾರಾಟವಾಗುತ್ತಿದೆ, ನನ್ನ ಡ್ರಾಯರ್‌ನಲ್ಲೂ ಇದೆ. ತೂಕದ ಜೊತೆ ಬಿಪಿಯನ್ನೂ ಹೊತ್ತು ತಂದವರಿಗೆ ಉಪಯೋಗವಿಲ್ಲದ ಈ ಔಷಧ ಬಿಪಿ ಏರಿಸುವ ಸಾಧ್ಯತೆಯೊಂದನ್ನು ಮಾತ್ರ ಉಳಿಸುತ್ತದೆ. ಇನ್ನು ಕಾಂಬಿನೇಷನ್‌ಗಳ ಮೇಲೇ ಸರ್ಕಾರಕ್ಕೆ ಅನುಮಾನ: 2024ರ ಆಗಸ್ಟ್‌ನಲ್ಲಿ ಒಂದೇ ಏಟಿಗೆ 156 ಬಗೆಯ ಮಿಶ್ರಣಗಳನ್ನು ಕೇಂದ್ರ ಆರೋಗ್ಯ ಇಲಾಖೆ ನಿಷೇಧಿಸಿತು, ನೆಗಡಿ ಜ್ವರದ ಕೆಲವು ಮಿಶ್ರಣಗಳೂ ಆ ಪಟ್ಟಿಯಲ್ಲಿದ್ದವು.

ಸೀನು, ನೀರಿಳಿಯುವ ಮೂಗಿಗೆ ಸೆಟ್ರಿಜಿನ್ ಅಥವಾ ಲಿವೊಸೆಟ್ರಿಜಿನ್ ಒಂಟಿಯಾಗಿ, ರಾತ್ರಿ ಒಂದು. ಮಾತ್ರೆಯೂ ಸಣ್ಣದು, ಗಂಟಲಲ್ಲಿ ನಿಲ್ಲುವುದಿಲ್ಲ. ಕ್ಲೋರ್‌ಫೆನಿರಮಿನ್ ನಿದ್ದೆ ಹೆಚ್ಚು ತರುತ್ತದೆ, ಬಾಯಿ ಒಣಗಿಸುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಯಬೇಕಾದವರಿಗೆ ಮಂಪರಿನಲ್ಲಿ ಮಲಗಿಬಿಟ್ಟರೆ ಆ ದಿನದ ನೀರಿನ ಲೆಕ್ಕ ತಪ್ಪಿತು. ರಾತ್ರಿ ಗೊರಕೆಯ ತೊಂದರೆಗೆ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುವವರು ಮಂಪರು ತರುವ ಯಾವುದನ್ನೂ ತಾವಾಗಿಯೇ ಕೊಳ್ಳಬೇಡಿ.

ಕಟ್ಟಿದ ಮೂಗಿಗೆ ಹೊಟ್ಟೆಯ ದಾರಿ ಯಾಕೆ?

ಮೂಗಿನ ತೊಂದರೆಗೆ ಮೂಗಿನಲ್ಲೇ ಮದ್ದು ಹಾಕಿದರೆ ಹೊಟ್ಟೆಯ ಗೊಡವೆಯೇ ಇಲ್ಲ. ಎಲ್ಲಕ್ಕಿಂತ ಮೊದಲು ಉಪ್ಪುನೀರಿನ ಸ್ಪ್ರೇ, ದಿನಕ್ಕೆ ಎಷ್ಟು ಸಲವಾದರೂ ಸರಿ. ಮನೆಯಲ್ಲೇ ಮಾಡುವುದಾದರೆ ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು. ನಲ್ಲಿಯಿಂದ ಹಿಡಿದ ನೀರು ಹಾಗೇ ಮೂಗಿಗೆ ಬೇಡ. ಜಲನೇತಿ ರೂಢಿ ಇರುವವರಿಗೂ ಅದೇ ಮಾತು. ಅದಕ್ಕೂ ಬಗ್ಗದಿದ್ದರೆ ಓಟ್ರಿವಿನ್ ಅಥವಾ ನಾಸಿವಿಯಾನ್ ಹನಿ, ರಾತ್ರಿ ಮಲಗುವ ಮುಂಚೆ, ಮೂರರಿಂದ ಐದು ದಿನ ಅಷ್ಟೇ. ಆಮೇಲೂ ಮುಂದುವರಿಸಿದರೆ ಹನಿ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ವರ್ಷಗಟ್ಟಲೆ ಜೇಬಿನಲ್ಲಿ ಆ ಬಾಟಲಿ ಇಟ್ಟುಕೊಂಡು ತಿರುಗುವವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ಬಿಪಿ ಹತೋಟಿಯಲ್ಲಿಲ್ಲದವರು ಇದನ್ನೂ ಕೇಳಿಯೇ ಹಾಕಬೇಕು.

ಹಬೆಯಿಂದ ವೈರಸ್ ಸಾಯುವುದಿಲ್ಲ, ಹಾಯೆನಿಸುತ್ತದೆ. ಬೋಗುಣಿ ಮಗುಚಿ ತೊಡೆ ಸುಟ್ಟುಕೊಳ್ಳದ ಹಾಗೆ ಮೇಜಿನ ಮೇಲಿಟ್ಟು ತೆಗೆದುಕೊಳ್ಳಿ.

ಕೆಮ್ಮಿನ ಸಿರಪ್: ಸಿಹಿಯದೋ, ಸಕ್ಕರೆ ಇಲ್ಲದ್ದೋ?

ಬೈಪಾಸ್ ಆದವರಿಗೆ ಸಕ್ಕರೆ ಹೊಟ್ಟೆಯಲ್ಲಿ ನಿಲ್ಲದೆ ಕರುಳಿಗೆ ಧುಮುಕುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿ ಬೇಧಿ. ಕೆಲವರಿಗೆ ಒಂದೆರಡು ಗಂಟೆ ಕಳೆದು ಶುಗರ್ ಕುಸಿದು ಕೈನಡುಕ. ಡಂಪಿಂಗ್ ಎನ್ನುತ್ತಾರೆ. ಒಂದು ಚಮಚ ಸಿರಪ್‌ನಿಂದ ಎಲ್ಲರಿಗೂ ಹೀಗಾಗುವುದಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಕುಡಿಯುವಾಗ ಆಗುವವರಿದ್ದಾರೆ. ಹಾಗೆಂದು ಶುಗರ್ ಫ್ರೀ ಬಾಟಲಿ ಎಲ್ಲರಿಗೂ ಒಗ್ಗುವುದೂ ಇಲ್ಲ: ಸಿಹಿಗೆ ಸೇರಿಸಿದ ಸಾರ್ಬಿಟಾಲ್ ಕೆಲವರ ಹೊಟ್ಟೆ ಉಬ್ಬರಿಸುತ್ತದೆ, ಸಡಿಲ ಮಾಡುತ್ತದೆ. ಎರಡರಲ್ಲಿ ನಾನು ಶುಗರ್ ಫ್ರೀ ಕಡೆ, ಮೊದಲ ದಿನ ಅರ್ಧ ಅಳತೆ ಹಾಕಿ ನೋಡಿ ಎನ್ನುತ್ತೇನೆ. ಲೇಬಲ್ಲಿನಲ್ಲಿ ಆಲ್ಕೋಹಾಲ್ ಎಂದಿದ್ದರೆ ವಾಪಸ್ ಇಟ್ಟುಬಿಡಿ. ಬೈಪಾಸ್ ಆದ ಮೇಲೆ ಆಲ್ಕೋಹಾಲ್ ಬೇಗ ಏರುತ್ತದೆ, ಹೆಚ್ಚೂ ಏರುತ್ತದೆ. ನೆಗಡಿಗೆ ಬಿಸಿನೀರಲ್ಲಿ ಬ್ರಾಂದಿ ಎನ್ನುವ ಮಾವಂದಿರ ಸಲಹೆಗೂ ಉತ್ತರ ಅದೇ.

ಕಫ ಕರಗಿಸುವ ಆಂಬ್ರೊಕ್ಸಾಲ್, ಬ್ರೊಮ್‌ಹೆಕ್ಸಿನ್‌ಗಳಿಗೆ ಎದೆಯ ಲೋಳೆ, ಹೊಟ್ಟೆಯ ಲೋಳೆ ಎಂಬ ಭೇದವಿಲ್ಲ. ಹೊಟ್ಟೆಯಲ್ಲಿ ಹುಣ್ಣಾದ ಚರಿತ್ರೆ ಇರುವವರು ಕೇಳದೆ ಕುಡಿಯಬೇಡಿ. ಒಣಕೆಮ್ಮಿನ ಡೆಕ್ಸ್‌ಟ್ರೊಮೆಥಾರ್ಫನ್ ಹೊಟ್ಟೆಗೆ ಅಷ್ಟು ತೊಂದರೆ ಕೊಡದು. ಆದರೆ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೆ ಅದನ್ನು ಔಷಧದಂಗಡಿಯಲ್ಲಿ ಬಾಯಿಬಿಟ್ಟು ಹೇಳಿ, ಎರಡೂ ಸೇರಬಾರದ ಜೋಡಿಗಳಿವೆ. ನೀರಿಗೆ ಹಾಕಿದರೆ ಬುಸುಗುಟ್ಟುವ ಮಾತ್ರೆಗಳು, ಅದು ಕಫದ್ದಿರಲಿ ವಿಟಮಿನ್ ಸಿಯದಿರಲಿ, ಪುಟ್ಟ ಹೊಟ್ಟೆಗೆ ಗ್ಯಾಸು ತುಂಬುತ್ತವೆ. ಬುರುಗು ಪೂರ್ತಿ ಅಡಗಿದ ಮೇಲೆ ಗುಟುಕರಿಸಬಹುದು, ಬಿಟ್ಟರೆ ಇನ್ನೂ ಒಳ್ಳೆಯದು.

ಅಜ್ಜಿಯ ಕಷಾಯ

ಆಪರೇಷನ್ ಆದವರಿಗೆ ನಿಜವಾಗಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿದೆ, ಸ್ವಲ್ಪ ತಿದ್ದಿಕೊಂಡರೆ. ಧನಿಯ, ಜೀರಿಗೆ, ಶುಂಠಿ, ನಾಲ್ಕೇ ಕಾಳು ಮೆಣಸು ಹಾಕಿ ಕುದಿಸಿದ ಕಷಾಯ ಗಂಟಲಿಗೂ ಹಿತ, ದಿನದ ನೀರಿನ ಲೆಕ್ಕಕ್ಕೂ ಜಮಾ. ತಪ್ಪುವುದು ಬೆಲ್ಲದಲ್ಲಿ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎನ್ನುವುದು ಡಂಪಿಂಗ್‌ಗೆ ಗೊತ್ತಿಲ್ಲ, ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಜೇನುತುಪ್ಪಕ್ಕೂ ಅದೇ ಲೆಕ್ಕ. ಗಂಟಲಿಗೆ ಹಚ್ಚಿಕೊಂಡಂತೆ ಅರ್ಧ ಚಮಚ ನೆಕ್ಕಬಹುದು, ಲೋಟಕ್ಕೆ ಸುರಿಯಬೇಡಿ. ಹಾಲು ಹಾಕಿದ ಕಷಾಯ ಆಪರೇಷನ್ ಆದ ಮೇಲೆ ಒಗ್ಗದವರು ತುಂಬ.

ಕಷಾಯದ ಪುಡಿ ಪೊಟ್ಟಣಗಳಲ್ಲಿ ಜ್ಯೇಷ್ಠಮಧು ಇದೆಯೇ ನೋಡಿ. ಅತಿಮಧುರ ಎನ್ನುವುದೂ ಅದನ್ನೇ. ದಿನಾ ಕುಡಿದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ವಾಂತಿ ಬೇಧಿಯಿಂದ ಪೊಟ್ಯಾಸಿಯಂ ಮೊದಲೇ ಕಳೆದುಕೊಂಡವರಿಗೆ ಇದು ಬೇಡದ ಉಪಚಾರ.

ನನಗೆ ಕೇಳಿದರೆ ನೆಗಡಿಯ ಮೂರು ದಿನಕ್ಕೆ ಸಿರಪ್‌ಗಿಂತ ಹುರುಳಿಕಟ್ಟಿನ ತೆಳು ಸಾರು ಮೇಲು. ಖಾರ ಕಡಿಮೆ, ಒಗ್ಗರಣೆಗೆ ಎಣ್ಣೆ ಹನಿಯಷ್ಟು. ಮಾಂಸ ತಿನ್ನುವವರಿಗೆ ಕೊಬ್ಬು ತೆಗೆದ ನಾಟಿ ಕೋಳಿಯ ಸಾರು. ದೊಡ್ಡಪತ್ರೆ ತಂಬುಳಿಯೂ ಇಳಿಯುತ್ತದೆ. ಬಾಯಿರುಚಿ ಕೆಟ್ಟು ಪ್ರೊಟೀನ್ ಬಿಟ್ಟುಬಿಡುವುದೇ ನೆಗಡಿಯಲ್ಲಿ ಆಗುವ ದೊಡ್ಡ ನಷ್ಟ. ದಿನಕ್ಕೆ 60 ಗ್ರಾಂ ಆದರೂ ಹೋಗಬೇಕೆನ್ನುವುದು ಜ್ವರ ಬಂದಿತೆಂದು ರಜೆ ಕೊಡುವ ನಿಯಮವಲ್ಲ. ಸಾರಿನ ತಿಳಿಯಿಂದಷ್ಟೇ ಅದು ತುಂಬುವುದಿಲ್ಲ, ಪ್ರೊಟೀನ್ ಪುಡಿಯನ್ನೋ ಮೊಟ್ಟೆಯನ್ನೋ ಬಿಡಬೇಡಿ.

ಕೇಳದೆಯೇ ಕೈಗೆ ಬರುವವು

ಕೋವಿಡ್ ಬಿಟ್ಟುಹೋದ ಚಟ ಜಿಂಕ್. ಆಪರೇಷನ್ ಆದವರು ದಿನಾ ನುಂಗುವ ಮಲ್ಟಿವಿಟಮಿನ್‌ನಲ್ಲಿ ಅದು ಇದ್ದೇ ಇರುತ್ತದೆ. ಮೇಲಿಂದ ವಾರಗಟ್ಟಲೆ 50 ಮಿ.ಗ್ರಾಂ. ಸೇರಿಸಿದರೆ ತಾಮ್ರದ ಅಂಶ ಕುಸಿಯುತ್ತದೆ. ಅದರ ಪರಿಣಾಮ ನರಗಳಿಗೆ, ರಕ್ತಕ್ಕೆ. ಅಜಿತ್ರೋಮೈಸಿನ್ ಮೂರು ಮಾತ್ರೆ ನೆಗಡಿಯ ವೈರಸ್‌ಗೆ ಏನೂ ಮಾಡುವುದಿಲ್ಲ, ಕರುಳಿಗೆ ಮಾಡುತ್ತದೆ. ಕೆಲವು ಕಡೆ ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆ ಕಟ್ಟಿ ಕೊಡುತ್ತಾರೆ, ಒಂದು ಹಳದಿ, ಒಂದು ಬಿಳಿ, ಒಂದು ಪುಟ್ಟದು. ಆ ಪುಟ್ಟದು ಬಹಳ ಸಲ ಸ್ಟೀರಾಯ್ಡ್. ಪೇನ್ ಕಿಲ್ಲರ್ ಜೊತೆ ಸ್ಟೀರಾಯ್ಡ್ ಸೇರಿದರೆ ಹುಣ್ಣಿನ ಅಪಾಯ ಇನ್ನೂ ಹೆಚ್ಚು. ಹೆಸರಿಲ್ಲದ ಮಾತ್ರೆ ನುಂಗಬೇಡಿ, ಯಾರು ಕೊಟ್ಟರೂ.

ಆಪರೇಷನ್ ಆಗಿ ಇನ್ನೂ ಒಂದೆರಡು ತಿಂಗಳಾಗದಿದ್ದರೆ

ಮಾತ್ರೆಯ ಗಾತ್ರವೇ ಸಮಸ್ಯೆ. 650ರ ಮಾತ್ರೆ ಉದ್ದ, ಸಿಕ್ಕಿಹಾಕಿಕೊಂಡಂತಾಗುತ್ತದೆ. ಪ್ಯಾರಾಸಿಟಮಾಲ್ ಸಾದಾ ಮಾತ್ರೆಯನ್ನು ಪುಡಿ ಮಾಡಬಹುದು, ಕಹಿ ಸಹಿಸಬೇಕು. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುವುದನ್ನು ಪುಡಿ ಮಾಡಲೇಬಾರದು, ಗಂಟೆಗಟ್ಟಲೆ ಬಿಡುಗಡೆಯಾಗಬೇಕಾದ ಔಷಧ ಒಂದೇ ಸಲ ಬಿಡುಗಡೆಯಾಗುತ್ತದೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಿ.

ಈ ಸಮಯದ ಜ್ವರವನ್ನು ನೆಗಡಿ ಎಂದು ನೀವೇ ತೀರ್ಮಾನಿಸಬೇಡಿ. ಜ್ವರದ ಜೊತೆ ನಾಡಿ ಓಡುತ್ತಿದ್ದರೆ, ಹೊಟ್ಟೆ ಅಥವಾ ಎಡಭುಜ ನೋಯುತ್ತಿದ್ದರೆ, ಏದುಸಿರು ಬರುತ್ತಿದ್ದರೆ ಅದು ಹೊಲಿಗೆ ಸೋರುತ್ತಿರುವುದಾಗಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರುವುದಾಗಲಿ ಇರಬಹುದು. ಅಂಗಡಿಗೆ ಬರಬೇಡಿ, ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಎಷ್ಟೇ ವರ್ಷವಾಗಿದ್ದರೂ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತದ ಮಲ ಹೋದರೆ, ರಕ್ತ ವಾಂತಿಯಾದರೆ ಆ ಹೊತ್ತಿನಲ್ಲೇ ಹೋಗಬೇಕು. ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದು ಅಂಟುವುದಿಲ್ಲ, ಆ ನಾತವೂ ಇರುವುದಿಲ್ಲ. ಗೊಂದಲವಾದರೆ ತೋರಿಸಿಯೇ ಬನ್ನಿ. ದಿನವಿಡೀ ನೀರು ಒಳಗೆ ನಿಲ್ಲದಿದ್ದರೂ, ಜ್ವರ ಮೂರು ದಿನ ದಾಟಿದರೂ ಅಷ್ಟೇ.

ಲ್ಯಾಮಿನೇಟ್ ಚೀಟಿಯ ಆ ಹೆಂಗಸು ಈಗಲೂ ಬರುತ್ತಾರೆ. ನಾನು ಕವರ್ ಮೇಲೆ ಪೆನ್ನಿನಲ್ಲಿ ಮಾತ್ರೆಯ ಹೆಸರು, ಒಳಗಿರುವ ಔಷಧ, ಎಷ್ಟು ಮಿ.ಗ್ರಾಂ. ಎಂದು ಬರೆದೇ ಕೊಡುತ್ತೇನೆ. ಚೀಟಿಯಲ್ಲಿ ಆಪರೇಷನ್ ಹೆಸರಿನ ಪಕ್ಕ 'ಹೊಟ್ಟೆಯದು' ಎಂದು ಕನ್ನಡದಲ್ಲಿ ದಪ್ಪಗೆ ಬರೆಸಿದ್ದಾರೆ. ಯಾಕೆಂದು ಒಮ್ಮೆ ಕೇಳಿದೆ.

"ಬೈಪಾಸ್ ಅಂದ ತಕ್ಷಣ ಎಲ್ರೂ ಹಾರ್ಟ್ ಅಂದ್ಕೋತಾರೆ ಸರ್. ಮದುವೆ ಮನೇಲಿ ಎದೆ ಉರಿ ಅಂದಿದ್ದಕ್ಕೆ ನಮ್ಮ ದೊಡ್ಡಪ್ಪ ಡಿಸ್ಪ್ರಿನ್ ಕರಗಿಸ್ಕೊಂಡು ಲೋಟ ಹಿಡ್ಕೊಂಡೇ ಬಂದುಬಿಟ್ಟಿದ್ರು."